‘ಕೈ ಸುಡಲ್ವಾ?’ ಅಂತ ಕೇಳುವವರಿಗೆ

ಮದುವೆಮನೆ ಊಟದ ಪಂಕ್ತಿ ಇರಲಿ, ಆಲ್ದೂರಿನ ಬಸ್ ಸ್ಟ್ಯಾಂಡ್ ಇರಲಿ, ನಾನು ಬಣ್ಣದ ಗಾಜು ಕರಗಿಸಿ ಮಣಿ ಮಾಡುತ್ತೇನೆ ಅಂತ ಗೊತ್ತಾದ ತಕ್ಷಣ ಬರುವ ಪ್ರಶ್ನೆ ಒಂದೇ. ‘ಅಯ್ಯೋ, ಕೈ ಸುಡಲ್ವಾ?’

ಸುಡುತ್ತದೆ. ಆದರೆ ನೀವು ಅಂದುಕೊಂಡ ಹೊತ್ತಿನಲ್ಲಿ ಅಲ್ಲ.

ನನ್ನ ಕೈಯಲ್ಲಿರುವುದು ಪೆನ್ಸಿಲ್ ದಪ್ಪದ ಗಾಜಿನ ಕಡ್ಡಿ. ಗ್ಯಾಸ್ ಟಾರ್ಚಿನ ಉರಿಯಲ್ಲಿ ತುದಿ ಕೆಂಪಗೆ ಕಾದು ಜೋನಿಬೆಲ್ಲದ ಹಾಗೆ ಇಳಿಯುತ್ತಿದ್ದರೂ ಒಂದು ಗೇಣು ಈಚೆಗೆ ಕಡ್ಡಿ ತಣ್ಣಗೇ ಇರುತ್ತದೆ, ಯಾಕೆಂದರೆ ಗಾಜಿನಲ್ಲಿ ಶಾಖ ಹರಿಯುವುದು ತುಂಬಾ ನಿಧಾನ. ಕುದಿಯುವ ಸಾರಿನಲ್ಲಿ ಬಿಟ್ಟ ಸ್ಟೀಲ್ ಸೌಟೇ ಇದಕ್ಕಿಂತ ಜಾಸ್ತಿ ಸುಡುತ್ತದೆ. ನನ್ನ ಬೆರಳಿಗೆ ಬೊಬ್ಬೆ ಎದ್ದದ್ದೆಲ್ಲ ಟಾರ್ಚ್ ಆರಿಸಿದ ಮೇಲೆ. ಕೆಂಪು ಹೋದ ಮೇಲೆ ಬಿಸಿ ಗಾಜೂ ತಣ್ಣನೆ ಗಾಜೂ ನೋಡೋಕೆ ಒಂದೇ ಥರ, ಮೇಜಿನ ಮೇಲಿಟ್ಟ ಕಡ್ಡಿಯನ್ನು ಸುಮ್ನೆ ಉಲ್ಟಾ ಹಿಡಿದರೆ ಮುಗೀತು.

ಕಣ್ಣಿಗೆ ಡಿಡಿಮಿಯಂ ಕನ್ನಡಕ, ಅಂದರೆ ಹಳದಿ ಬೆಳಕನ್ನು ತಡೆಯುವ ಕನ್ನಡಕ ಬೇಕು. ಒಲೆಗೆ ಉಪ್ಪು ಬಿದ್ದಾಗ ಉರಿ ಹಳದಿಯಾಗುತ್ತದಲ್ಲ, ಇಲ್ಲೂ ಅದೇ, ಕಾದ ಗಾಜಿನಲ್ಲಿರುವ ಸೋಡಿಯಂ. ಕನ್ನಡಕ ಇಲ್ಲದಿದ್ದರೆ ಆ ಹಳದಿಯ ಹಿಂದೆ ಮಣಿಯೇ ಕಾಣಲ್ಲ.

ನನಗೆ ಹೆದರಿಕೆ ಇರೋದು ಮಣಿ ತಣ್ಣಗಾಗುವಾಗ. ಹೊರಗಿನ ಪದರ ಬೇಗ ಆರಿ ಕುಗ್ಗುತ್ತದೆ, ಒಳಗಿನ್ನೂ ಬಿಸಿ, ಆ ಎಳೆದಾಟಕ್ಕೆ ಗಾಜು ಸೀಳುತ್ತದೆ. ಶುರು ಮಾಡಿದ ವರ್ಷ ಇದೆಲ್ಲ ಎಲ್ಲಿ ಗೊತ್ತಿತ್ತು? ಆಷಾಢದ ಗಾಳಿ, ಹೊಗೆ ಹೋಗಲಿ ಅಂತ ಕಿಟಕಿ ಬೇರೆ ತೆಗೆದಿಟ್ಟಿದ್ದೆ. ಹನ್ನೆರಡು ಮಣಿ ಮಾಡಿ ಮೇಜಿನ ಮೇಲಿಟ್ಟು ಊಟಕ್ಕೆ ಕೂತರೆ ಒಳಗಿನಿಂದ ಟಿಕ್, ಟಿಕ್. ಹಲ್ಲಿ ಅಂದುಕೊಂಡೆ. ಹೋಗಿ ನೋಡಿದರೆ ಎರಡೇ ಉಳಿದಿದ್ದವು.

‘ಬಚ್ಚಲ ಒಲೆ ಬೂದೀಲಿ ಹೂತಿಡೇ, ಬೆಳಗಿನವರೆಗೂ ಬಿಸಿ ಇರುತ್ತೆ’ ಅಂದರು ಅತ್ತೆ. ಗೆಣಸು ಸುಡುವ ಬೂದಿ! ನಕ್ಕೆ, ಆಮೇಲೆ ಹಾಗೇ ಮಾಡಿದೆ. ಕಡಲೆಕಾಳಿನಷ್ಟು ಸಣ್ಣ ಮಣಿಗಳು ಬದುಕಿದವು. ದೊಡ್ಡವು ಚೆನ್ನಾಗೇ ಇದ್ದು, ಒಂದು ತಿಂಗಳಾದ ಮೇಲೆ ಸರದಲ್ಲಿದ್ದಾಗ ಬಿರುಕು ಬಿಟ್ಟವು. ಈಗ ಪುಟ್ಟ ಕರೆಂಟ್ ಗೂಡು ಇದೆ. ಸುಮಾರು 510 ಡಿಗ್ರಿಯಲ್ಲಿ ಇಟ್ಟು, ರಾತ್ರಿಯಿಡೀ ನಿಧಾನವಾಗಿ ಇಳಿಸುತ್ತೇನೆ. ನಮ್ಮ ಕಡೆ ಮಳೆಗಾಲದ ಕರೆಂಟಿನ ಕಥೆ ಗೊತ್ತಲ್ಲ? ಆದರೂ ಬಾಗಿಲು ತೆಗೆಯದಿದ್ದರೆ ಗೂಡು ಸ್ವಲ್ಪ ಹೊತ್ತು ತಾಳಿಕೊಳ್ಳುತ್ತದೆ. ಟಾರ್ಚಿಗೆ ಆಕ್ಸಿಜನ್ ಕೊಡುವ ಕಾನ್ಸಂಟ್ರೇಟರ್ ಯಂತ್ರ ಮಾತ್ರ ತಾಳಲ್ಲ, ಅದು ನಿಂತರೆ ಬರೀ ಗ್ಯಾಸಿನ ಉರಿ ಹಳದಿಗೆ ತಿರುಗಿ ಮಣಿಗೆ ಮಸಿ ಹಿಡಿಯುತ್ತದೆ.

ಇನ್ನೊಂದು ಪೆದ್ದತನವನ್ನೂ ಹೇಳಿಬಿಡುತ್ತೇನೆ. ಇಟಲಿಯ ಮುರಾನೊ ಕಡೆಯ ಕಡ್ಡಿ ದುಬಾರಿ ಅಂತ, ಅದರ ಜೊತೆಗೆ ಔಷಧಿಯ ಕಂದು ಬಾಟಲಿ ಒಡೆದು ಸೇರಿಸಿದೆ. ನೋಡೋಕೆ ಎಷ್ಟು ಚಂದ ಇತ್ತು ಅಂತೀರಿ! ಮಾರನೇ ದಿನ ಎರಡೂ ಸೇರಿದ ಗೆರೆಯಲ್ಲೇ ಸೀಳಿತ್ತು. ಒಂದೊಂದು ಗಾಜು ಬಿಸಿಗೆ ಹಿಗ್ಗುವ, ತಣ್ಣಗಾಗುತ್ತಾ ಕುಗ್ಗುವ ಪ್ರಮಾಣ ಬೇರೆ. ಮುರಾನೊ ಕಡ್ಡಿಯ ಮೇಲೆ 104 ಅಂತ ಇರುವುದು ಅದೇ ಲೆಕ್ಕ, ಲ್ಯಾಬಿನ ಬೋರೋಸಿಲಿಕೇಟ್ ಗಾಜಿಗೆ 33. ಬಣ್ಣ ಹೊಂದಿದರೆ ಸಾಲದು, ಈ ಅಂಕಿಯೂ ಹೊಂದಬೇಕು.

ನೋಡೋ ಆಸೆ ಇದ್ದರೆ ಭಾನುವಾರ ಸಂಜೆ ಮನೆಗೆ ಬನ್ನಿ. ನೈಲಾನ್ ಸೀರೆ ಬೇಡ, ಹತ್ತಿ ಬಟ್ಟೆ ಹಾಕಿಕೊಳ್ಳಿ. ಮಣಿಯನ್ನು ನೀವೇ ತಿರುಗಿಸಿ, ನಿಲ್ಲಿಸಿದರೆ ಅದು ಒಂದು ಕಡೆಗೆ ಜೋತುಬೀಳುತ್ತದೆ ಅಷ್ಟೇ. ಆದರೆ ಹೊರಡುವಾಗ ‘ನಂದು ಕೊಡಿ’ ಅನ್ನಬೇಡಿ, ಅದಕ್ಕೆ ಬೆಳಗ್ಗೆ ಇನ್ನೊಂದ್ಸಲ ಬರಬೇಕು.