ಹೊಸತು ಸಿಗೋದಿಲ್ವಾ ಅಂತ ಕೇಳುವವರಿಗೆ

"ಎಂತಕ್ಕೆ ಮಾರಾಯಾ ಈ ಗುಜರಿ? ಹೊಸತು ಸಿಗೋದಿಲ್ವಾ?"

ಸಿಗುತ್ತದೆ. ಶಿರಸಿ ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿಗಳಿಗೇನು ಬರವಿಲ್ಲ. ಹಳೇ ಮನೆಗಳ ಸವಾಲಿಗೆ (ಹರಾಜಿಗೆ) ಹೋಗಿ ತುಕ್ಕು ಹಿಡಿದ ಉಳಿ, ಮರ ಹೆರೆದು ನಯ ಮಾಡುವ ತೋಪಡ, ಗರಗಸ ಹೊತ್ತು ತರುತ್ತೇನೆ ಎಂದು ಗೊತ್ತಾದ ಮೇಲೆ ಮದುವೆ ಊಟದ ಪಂಕ್ತಿಯಲ್ಲೂ ಇದೇ ಪ್ರಶ್ನೆ. ಬಾಯಲ್ಲಿ ಹೋಳಿಗೆ ಇಟ್ಟುಕೊಂಡು ಉತ್ತರ ಕೊಟ್ಟು ಸಾಕಾಗಿದೆ. ಇನ್ನು ಇದನ್ನೇ ಓದಿಕೊಳ್ಳಿ.

ಈಗ ಅಂಗಡಿಯಲ್ಲಿ ಸಿಗುವ ಬಹಳಷ್ಟು ಕೈಗರಗಸಗಳ ಹಲ್ಲಿನ ತುದಿಯನ್ನಷ್ಟೇ ಕಾಯಿಸಿ ಗಟ್ಟಿ ಮಾಡಿರುತ್ತಾರೆ. ಅದಕ್ಕೆ ಅರ ಹತ್ತುವುದಿಲ್ಲ. ಮೊಂಡಾಯಿತೋ, ಎಸೆಯಬೇಕು. ಹಳೇ ಗರಗಸಕ್ಕೆ ಮೂರು ಮೂಲೆಯ ಅರ ಹಾಕಿ ಮತ್ತೆ ಮತ್ತೆ ಹರಿತ ಮಾಡಬಹುದು. ಈಗ ಹೇಳಿ, ಗುಜರಿ ಯಾವುದು?

ಸಿದ್ದಾಪುರದ ಕಡೆ ಒಂದು ಮನೆ. ಅಣ್ಣತಮ್ಮಂದಿರ ಹಿಸೆ ಆಗಿ, ಮನೆ ಕೀಳುವುದೆಂದು ತೀರ್ಮಾನವಾಗಿ, ಅಟ್ಟದಲ್ಲಿದ್ದುದೆಲ್ಲ ಅಂಗಳಕ್ಕೆ ಬಂದಿತ್ತು. ಬೆಂಗಳೂರಿನವರು ತಾಮ್ರದ ಹಂಡೆಗೂ ಕೆತ್ತನೆಯ ಕಂಬಕ್ಕೂ ಏರಿಸಿ ಏರಿಸಿ ಕೂಗಿದರು. ಬಡಗಿ ಪೆಟ್ಟಿಗೆಯ ಸರದಿ ಬರುವಾಗ ಉಳಿದದ್ದು ನಾನು ಮತ್ತು ಹಾವೇರಿ ಕಡೆಯ ಒಬ್ಬ ಗುಜರಿಯವ. ಅವನದು ಕಿಲೋ ಲೆಕ್ಕ. ಪೆಟ್ಟಿಗೆ ಎತ್ತಿ ತೂಕ ನೋಡಿ ಕೂಗುತ್ತಿದ್ದ. ನಾನು ಬಾಯಿ ತೆರೆದಾಗೆಲ್ಲ ಜಗುಲಿಯಲ್ಲಿದ್ದ ಅಜ್ಜಿ, ಪಾಪ ಯಾರ ಮನೆ ಮಾಣಿಯೋ ಎನ್ನುವ ಹಾಗೆ ನೋಡುತ್ತಿದ್ದರು. ಕೊನೆಗೆ ಅವನು ಕೈಬಿಟ್ಟ. ಹತ್ತಿರ ಬಂದು ಮೆಲ್ಲಗೆ ಕೇಳಿದ, "ಇದ್ರಾಗ ಬಂಗಾರ ಐತೇನ್ರೀ?"

ಇರಲಿಲ್ಲ. ಉಕ್ಕಿಗೆ ಹೆಸರಾದ ಇಂಗ್ಲೆಂಡಿನ ಶೆಫೀಲ್ಡ್ ಊರಿನ ಮುದ್ರೆಯ ಉಳಿಗಳಿದ್ದವು. ಅಮೆರಿಕದ ಸ್ಟ್ಯಾನ್ಲಿ ಕಂಪನಿಯ ಐದನೇ ನಂಬರಿನ ತೋಪಡ ಇತ್ತು, 14 ಇಂಚಿನದು. ಲಿಯೊನಾರ್ಡ್ ಬೇಲಿ ಎಂಬವನ ಪೇಟೆಂಟ್‌ಗಳನ್ನು ಸ್ಟ್ಯಾನ್ಲಿ ಕಂಪನಿ 1869ರಲ್ಲಿ ಕೊಂಡಿತು. ಅಲಗು ಏರಿಸಿ ಇಳಿಸಲು ಅವನು ಮಾಡಿದ ತಿರುಪಿನ ಬಗೆಯೇ ಇವತ್ತಿನ ತೋಪಡದಲ್ಲೂ ಇದೆ. ಹಾಗಾದರೆ ಹೊಸತೇ ಕೊಳ್ಳಬಹುದಲ್ಲ ಅಂತೀರಿ. ಕೊಳ್ಳಿ. ಅಗ್ಗದ್ದು ತಂದು, ಅದರ ತಳ ಸಪಾಟು ಮಾಡುತ್ತ ವಾರಗಟ್ಟಲೆ ಉಜ್ಜುತ್ತ ಕೂರಿ, ನನಗೇನು.

ಯಾವುದನ್ನು ಮುಟ್ಟದೆ ಬಂದೆ ಅಂತ ಮಾತ್ರ ಯಾರೂ ಕೇಳುವುದಿಲ್ಲ. ಕೇಳಿದ್ದರೆ ಹೋಳಿಗೆ ಪಕ್ಕಕ್ಕಿಟ್ಟು ಹೇಳುತ್ತಿದ್ದೆ. ಮೇಲ್ಮೈ ತುಕ್ಕಿಗೆ ನಾನು ಹೆದರುವುದಿಲ್ಲ. ನಮ್ಮ ಮಳೆಗೂ ಕಾರವಾರದ ಉಪ್ಪು ಗಾಳಿಗೂ ತುಕ್ಕು ಹಿಡಿಯದ ಕಬ್ಬಿಣ ಎಲ್ಲಿದೆ? ಒಂದು ರಾತ್ರಿ ವಿನೆಗರ್‌ನಲ್ಲಿ ಮುಳುಗಿಸಿಟ್ಟು, ಬೆಳಿಗ್ಗೆ ಉಜ್ಜಿ ತೊಳೆದು, ಒಣಗಿಸಿ ಎಣ್ಣೆ ಹಚ್ಚಿದರೆ ಆಯಿತು. ಆದರೆ ಉಳಿಯ ಚಪ್ಪಟೆ ಬೆನ್ನಲ್ಲಿ, ಬಾಯಿಯ ಹತ್ತಿರ ತುಕ್ಕು ಗುಳಿ ತೋಡಿದ್ದರೆ ಬಿಟ್ಟುಬಿಡುತ್ತೇನೆ. ಹರಿತ ಮಾಡುತ್ತ ಆ ಗುಳಿಗಳವರೆಗೆ ಬಂದಾಗ ಬಾಯಿ ಅಲ್ಲಲ್ಲಿ ಮುಕ್ಕಾಗುತ್ತದೆ. ಬಾಯಿ ನೀಲಿ ತಿರುಗಿದ್ದರೂ ಅನುಮಾನ. ಯಾರೋ ಕರೆಂಟಿನ ಸಾಣೆಗೆ ಒತ್ತಿ ಹಿಡಿದಿದ್ದಾರೆ, ಉಕ್ಕು ಸುಮಾರು 300 ಡಿಗ್ರಿಗೆ ಕಾದು ಗಡಸುತನ ಕಳೆದುಕೊಂಡಿದೆ. ಆ ನೀಲಿಯಷ್ಟನ್ನೂ ಸವೆಸಿ ತೆಗೆದ ಮೇಲೂ ಉದ್ದ ಉಳಿಯುವಂತಿದ್ದರೆ ಮಾತ್ರ ಕೊಳ್ಳುತ್ತೇನೆ.

ಕುಮಟಾದಲ್ಲಿ ಒಂದು ಚಂದದ ತೋಪಡ ಬಿಟ್ಟು ಬಂದೆ. ಅಲಗು ಹೊರಗೆ ಬರುವ ಸೀಳಿನ ಪಕ್ಕ ಸಣ್ಣ ಬಿರುಕು. ಎರಕದ ಕಬ್ಬಿಣ, ಬೆಸುಗೆ ಸುಲಭವಲ್ಲ. ಸವಾಲು ಕೂಗುವವ ಮಾತ್ರ "ಹಿಡಿ ಹೊಸದುಂಟು ನೋಡಿ" ಅಂತ ಹೊಗಳುತ್ತಲೇ ಇದ್ದ. ಹಿಡಿ ಯಾಕೆ ಹೊಸದು? ಎಲ್ಲೋ ಎತ್ತರದಿಂದ ಬಿದ್ದಿದೆ, ಅಲ್ವಾ? ಅದಕ್ಕೆ ಒಳ್ಳೇ ಬೆಲೆ ಬಂತು. ಕೊಂಡವರು ಶೋಕೇಸಿನಲ್ಲಿ ಇಟ್ಟಿದ್ದಾರಂತೆ. ಅಲ್ಲಿ ಬಿರುಕಿನಿಂದ ಏನೂ ತೊಂದರೆಯಿಲ್ಲ.