ಹೊಡೆಯುವ ಮುಂಚೆ ಹೊರುವ ಲೆಕ್ಕ

ಅಮೆರಿಕದ ಕೊಲರಾಡೊದಲ್ಲಿ ಬಿಲ್ಲು ಬೇಟೆಯ ಸೀಸನ್ ಸೆಪ್ಟೆಂಬರ್ 2ಕ್ಕೆ ಶುರುವಾಗುತ್ತದೆ. ಮಾರನೇ ದಿನ ನಮ್ಮ ಕೊಡಗಿನಲ್ಲಿ ಕೈಲ್ ಪೊಳ್ದ್. ನಾಟಿ ಮುಗಿಸಿ, ಕೋವಿ ಕತ್ತಿಗಳಿಗೆ ತೋಕ್ ಪೂ ಅನ್ನುವ ಹೂವಿಟ್ಟು ಪೂಜೆ ಮಾಡುವ ಹಬ್ಬ. ಹಿಂದೆಲ್ಲ ಹಬ್ಬ ಆದಮೇಲೆ ಶಿಕಾರಿಗೆ ಹೊರಡುತ್ತಿದ್ದರಂತೆ, ಅಜ್ಜ ಹೇಳುತ್ತಿದ್ದರು. ನಾನು ಹುಟ್ಟುವ ಹೊತ್ತಿಗೆ ಅದೆಲ್ಲ ನಿಂತಿತ್ತು. 1972ರ ವನ್ಯಜೀವಿ ಕಾಯ್ದೆ ಬಂದಿತ್ತು, ಬರಲೇಬೇಕಿತ್ತು ಕೂಡ. ಹಾಗಾಗಿ ಡೆನ್ವರ್‌ನಿಂದ ಫೋನ್ ಮಾಡಿ "ಈ ವರ್ಷ ಎಲ್ಕ್ ಬೇಟೆಗೆ ಹೋಗ್ತೀನಿ" ಅಂದಾಗ ಅವ್ವ ಮೊದಲು ಕೇಳಿದ್ದು, "ಪೊಲೀಸ್ ಹಿಡಿಯೋದಿಲ್ವಾ ಮಗ?"

ಹಿಡಿಯುವುದಿಲ್ಲ. ಆದರೆ ನಿಯಮ ಮುರಿದರೆ ಖಂಡಿತ ಹಿಡಿಯುತ್ತಾರೆ. ಎಲ್ಕ್ ಅಂದ್ರೆ ನಮ್ಮ ಕಡವೆಯ ನೆಂಟ. ಚೆನ್ನಾಗಿ ಬೆಳೆದ ಗಂಡು 300 ಕೆ.ಜಿ. ದಾಟುತ್ತದೆ. ಮಾಂಸ ಮಾರುವುದಕ್ಕೆಂದೇ ಹೊಡೆದು ಹೊಡೆದು, ನೂರು ವರ್ಷಕ್ಕೂ ಹಿಂದೆ ಈ ರಾಜ್ಯದಲ್ಲಿ ಅದು ಹೆಚ್ಚುಕಡಿಮೆ ಮುಗಿದೇ ಹೋಗಿತ್ತು. ವಯೋಮಿಂಗ್‌ನಿಂದ ತಂದು ಬಿಟ್ಟು, ಬೇಟೆಗೆ ಕಟ್ಟುಪಾಡು ಹಾಕಿ ಉಳಿಸಿಕೊಂಡರು. ಈಗ ಅಮೆರಿಕದ ಬೇರೆ ಯಾವ ರಾಜ್ಯದಲ್ಲೂ ಇಷ್ಟು ಎಲ್ಕ್ ಇಲ್ಲ. ಲೈಸೆನ್ಸ್ ದುಡ್ಡು ವನ್ಯಜೀವಿ ಇಲಾಖೆಗೆ ಹೋಗುತ್ತದೆ. ಬಿಲ್ಲು ಬಾಣಗಳ ಮೇಲೂ ಇದಕ್ಕಂತಲೇ ಒಂದು ತೆರಿಗೆ ಇದೆ. ಆ ತೆರಿಗೆಗೆ ಬಿಲ್ಲನ್ನು ಸೇರಿಸಿದ್ದೂ 1972ರಲ್ಲೇ. ಒಂದೇ ವರ್ಷ ಎರಡು ದೇಶಗಳು ಎರಡು ದಾರಿ ಹಿಡಿದವು. ನಮ್ಮ ದಾರಿ ನಮ್ಮ ಕಾಡಿಗೆ ಸರಿ, ಇವರದ್ದು ಇವರ ಕಾಡಿಗೆ ಸರಿ ಅಂತಲೇ ನನ್ನ ಅಭಿಪ್ರಾಯ.

ಬೇಟೆ ಶಿಕ್ಷಣದ ಕೋರ್ಸ್ ಮುಗಿಸಿ ಕಾರ್ಡ್ ತಗೊಂಡೆ. ಬಿಲ್ಲಿಗೆ ಕಡೇಪಕ್ಷ 35 ಪೌಂಡ್ ಎಳೆತ ಇರಬೇಕು ಅನ್ನುತ್ತದೆ ಕಾನೂನು, ನನ್ನದು 60. ಆಫೀಸ್ ಮುಗಿಸಿ ಸಂಜೆ ಅಭ್ಯಾಸ ಮಾಡುತ್ತಿದ್ದೆ. ನಿಂತು, ಮಂಡಿಯೂರಿ, ಬೆನ್ನಿಗೆ ಚೀಲ ಹಾಕಿಕೊಂಡು, ಓಡಿ ಬಂದು ಏದುಸಿರು ಬಿಡುತ್ತಾ. 30 ಗಜದೊಳಗೆ ಬಾಣ ಗುರಿಯಿಟ್ಟ ಕಡೆ ಹೋಗುತ್ತದೆ. ಅದರಾಚೆ ನಂಬಿಕೆ ಇಲ್ಲ. ಹಾಗಾದ್ರೆ ಅದರಾಚೆ ಹೊಡೆಯುವುದೂ ಇಲ್ಲ. ಗಾಯ ಮಾಡಿ ಕಳೆದುಕೊಳ್ಳುವುದಕ್ಕಿಂತ ಬರಿಗೈಲಿ ಬರುವುದು ಮೇಲು.

ಜೂನ್‌ನ ಒಂದು ಸಂಜೆ ಪಕ್ಕದ ಮನೆಯ ಹಿರಿಯರ ಊಟದ ಮೇಜಿನ ಮೇಲೆ ಮ್ಯಾಪ್ ಹರಡಿದೆವು. ಅವರು ಹುಡುಗರಾಗಿದ್ದಾಗಿನಿಂದ ಈ ಬೆಟ್ಟಗಳಲ್ಲಿ ಬೇಟೆಯಾಡಿದವರು. ಜಾಗ ಫ್ಲ್ಯಾಟ್ ಟಾಪ್ಸ್, ರಾಜ್ಯದ ವಾಯವ್ಯಕ್ಕೆ. ಎಲ್ಕ್ ಎಲ್ಲಿ ಮೇಯಬಹುದು, ಎಲ್ಲಿ ಮಲಗಬಹುದು ಅಂತ ಓದಿಕೊಂಡು ಮೂರು ಹುಲ್ಲುಗಾವಲುಗಳನ್ನು ಗುರುತು ಮಾಡಿದ್ದೆ. ರಾತ್ರಿ ಬಯಲಲ್ಲಿ ಮೇಯ್ದು ಬೆಳಗಾಗುತ್ತಲೇ ಉತ್ತರದ ಇಳಿಜಾರಿನ ದಟ್ಟ ಕಾಡಿಗೆ ಸೇರಿಕೊಳ್ಳುತ್ತವೆ ಅಂತೆಲ್ಲ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಒಂದೇ ಪ್ರಶ್ನೆ: "ಸರಿ, ಅದು ಬಿದ್ದಮೇಲೆ?"

ಪೆನ್ಸಿಲ್ ತಗೊಂಡು ಲೆಕ್ಕ ಬರೆದರು. ಮೂಳೆ ಬಿಡಿಸಿದರೂ ಹತ್ತಿರ ಹತ್ತಿರ 90 ಕೆ.ಜಿ. ಮಾಂಸ. ತಿನ್ನುವ ಮಾಂಸವನ್ನು ಕಾಡಲ್ಲಿ ಬಿಟ್ಟು ಬರುವುದು ಇಲ್ಲಿ ಅಪರಾಧ. ಒಬ್ಬರು ಒಂದು ಸಲಕ್ಕೆ 30 ಕೆ.ಜಿ. ಹೊತ್ತರೆ ಜಾಸ್ತಿ. ಸೆಪ್ಟೆಂಬರ್‌ನಲ್ಲಿ ಮಧ್ಯಾಹ್ನದ ಬಿಸಿಲು ಇನ್ನೂ ಚುರುಕಾಗಿಯೇ ಇರುತ್ತದೆ. ತಕ್ಷಣ ಚರ್ಮ ಸುಲಿದು, ಗಾಳಿಯಾಡುವ ಬಟ್ಟೆ ಚೀಲಕ್ಕೆ ಹಾಕಿ ನೆರಳಲ್ಲಿ ತೂಗುಹಾಕಬೇಕು. ತಡವಾದರೆ ಮೊದಲು ಕೆಡುವುದು ಹಿಂದಿನ ತೊಡೆ, ಮೂಳೆಯ ಹತ್ತಿರ. ವಾಸನೆಗೆ ಕರಡಿಯೂ ಬರಬಹುದು. "ಎಲ್ಲಿ ಎಲ್ಕ್ ಇದೆ ಅಂತಲ್ಲ, ಎಲ್ಲಿಂದ ತರೋಕೆ ಆಗುತ್ತೆ ಅಂತ ನೋಡು" ಅಂದರು. ನನ್ನ ಪ್ಲಾನ್ ಅಲ್ಲಿಗೆ ತಲೆಕೆಳಗಾಯಿತು. ಅಲ್ಲಿಂದಲೇ ಸರಿದಾರಿಗೂ ಬಂತು.

ಫ್ಲ್ಯಾಟ್ ಟಾಪ್ಸ್ ಕಾಡೊಳಗೆ ಗಾಡಿ ಹೋಗುವುದಿಲ್ಲ, ಸೈಕಲ್ಲೂ ಇಲ್ಲ. ಕಾಲ್ನಡಿಗೆ, ಇಲ್ಲವೇ ಕುದುರೆ. 1919ರಲ್ಲಿ ಆರ್ಥರ್ ಕಾರ್ಹಾರ್ಟ್ ಅನ್ನುವವರನ್ನು ಅರಣ್ಯ ಇಲಾಖೆ ಅಲ್ಲಿನ ಟ್ರ್ಯಾಪರ್ಸ್ ಲೇಕ್‌ಗೆ ಕಳಿಸಿತ್ತು, ಕೆರೆ ಸುತ್ತ ಬೇಸಿಗೆ ಮನೆಗಳಿಗೆ ಅಳತೆ ಮಾಡಲಿಕ್ಕೆ. ಅವರು ನೋಡಿ, ಇಲ್ಲಿ ಏನೂ ಕಟ್ಟಬೇಡಿ, ಹೀಗೇ ಬಿಡಿ ಅಂದರು. ಆ ಮಾತನ್ನು ಒಪ್ಪಿಕೊಂಡಿದ್ದರಿಂದಲೇ ಇವತ್ತು ಅಲ್ಲಿ ಕಾಡಿದೆ, ಎಲ್ಕ್ ಇದೆ. ಹೊರೆ ನಮ್ಮ ಬೆನ್ನ ಮೇಲೆ ಬರುವುದೂ ಅದಕ್ಕೇ. ನ್ಯಾಯವಾದ ಬೆಲೆ ಅಂತಲೇ ನನಗನಿಸುತ್ತದೆ.

ಜುಲೈನಲ್ಲಿ ಮೂಡಿಗೆರೆಯ ಗೆಳೆಯನ ಜೊತೆ ಜಾಗ ನೋಡಲು ಹೋದೆ. ಅವನು ಬಿಲ್ಲು ಮುಟ್ಟುವುದಿಲ್ಲ, ಹೊರಲು ಬರುತ್ತೇನೆ ಅಂದಿದ್ದ. ಇಂಡಿಯನ್ ಅಂಗಡಿಯ 20 ಪೌಂಡಿನ ಸೋನಾ ಮಸೂರಿ ಚೀಲ ಮೂರನ್ನು ನನ್ನ ಬ್ಯಾಗಿಗೆ ತುಂಬಿದೆವು, ಸುಮಾರು 27 ಕೆ.ಜಿ. ನನಗೆ ತುಂಬಾ ಇಷ್ಟವಾಗಿದ್ದ ಹುಲ್ಲುಗಾವಲಿನಿಂದ ಕೆಳಗೆ ಇಳಿಯಲು ಶುರು ಮಾಡಿದೆ. ಮ್ಯಾಪಿನಲ್ಲಿ ಅದು ಸುಮ್ನೆ ಒಂದು ಹಸಿರು ಪಟ್ಟಿ. 2002ರ ಬೆಂಕಿಯಲ್ಲಿ ಸುಟ್ಟ ಕಾಡು ಅದು. ಸತ್ತ ಸ್ಪ್ರೂಸ್ ಮರಗಳು ಒಂದರ ಮೇಲೊಂದು ಅಡ್ಡಾದಿಡ್ಡಿ ಬಿದ್ದಿದ್ದವು. ತೊಗಟೆ ಉದುರಿ ಬೂದು ಬಣ್ಣಕ್ಕೆ ತಿರುಗಿದ ಕಾಂಡಗಳು, ಬೂಟು ಇಟ್ಟರೆ ಜಾರುತ್ತದೆ. ಮುರಿದ ಕೊಂಬೆಗಳ ಮೊನೆ ಸರಿಯಾಗಿ ಮೊಣಕಾಲಿನ ಎತ್ತರಕ್ಕೆ. ಒಂದನ್ನು ದಾಟಿ ಕಾಲಿಟ್ಟರೆ ಇನ್ನೊಂದು ಸೊಂಟದಷ್ಟು ಎತ್ತರ. ಅಕ್ಕಿಯ ಭಾರಕ್ಕೆ ಮೈ ಹಿಂದಕ್ಕೆ ವಾಲುತ್ತಿತ್ತು. ಒಂದು ಕಿಲೋಮೀಟರಿಗೆ ಒಂದು ಗಂಟೆಗಿಂತ ಜಾಸ್ತಿ ಹಿಡಿಯಿತು. ಗೆಳೆಯ ಗಡಿಯಾರ ನೋಡಿ ಹೇಳಿದ, "ಬೇಡ ಮಾರಾಯ. ಇಲ್ಲಿ ಹೊಡೆದ್ರೆ ಎರಡನೇ ಹೊರೆ ತರೋದ್ರಲ್ಲಿ ಉಳಿದದ್ದು ಕೆಡ್ತದೆ." ಸುಟ್ಟ ಜಾಗದಲ್ಲಿ ಹುಲ್ಲು ಸೊಂಪಾಗಿತ್ತು, ಎಲ್ಕ್ ಹಿಕ್ಕೆ ಎಲ್ಲ ಕಡೆ ಇತ್ತು. ಆದರೂ ಮ್ಯಾಪಿನಲ್ಲಿ ಅದರ ಮೇಲೆ ಅಡ್ಡಗೆರೆ ಎಳೆದೆ.

ಎರಡನೆಯದರಲ್ಲಿ ಗಾಳಿ ನಮ್ಮ ಕಡೆ ಇರಲಿಲ್ಲ. ಬೆಟ್ಟದಲ್ಲಿ ರಾತ್ರಿಯ ತಂಪು ಗಾಳಿ ಕೆಳಕ್ಕೆ ಇಳಿಯುತ್ತದೆ, ಇಳಿಜಾರಿಗೆ ಬಿಸಿಲು ಬಿದ್ದ ಮೇಲೆ ಮೇಲಕ್ಕೆ ಹತ್ತುತ್ತದೆ. ಮುಂಜಾನೆ ಕೆಳಗಿನಿಂದ ಹೋದರಷ್ಟೇ ನಮ್ಮ ವಾಸನೆ ಎಲ್ಕ್‌ಗೆ ಸಿಗುವುದಿಲ್ಲ. ಅಲ್ಲಿಗೆ ಇದ್ದ ಒಂದೇ ದಾರಿ ಮೇಲಿನಿಂದ. ಗಾಳಿ ಯಾವ ಕಡೆ ಅಂತ ಪುಡಿ ಊದಿ ನೋಡಿದಾಗ ಅದು ತೇಲುತ್ತಾ ನೇರ ಹುಲ್ಲುಗಾವಲಿಗೇ ಇಳಿಯಿತು. ಮಧ್ಯಾಹ್ನದ ಹೊತ್ತಿಗೆ ಗುಡುಗು ಶುರುವಾಯಿತು. ಮರಗಳಿಲ್ಲದ ಎತ್ತರದಲ್ಲಿ ಸಿಡಿಲಿಗೆ ಸಿಕ್ಕಬಾರದು ಅಂತ ಬೇಗ ಇಳಿದೆವು.

ಉಳಿದದ್ದು ಮೂರನೆಯದು. ಅಲ್ಲಿ ಹಿಕ್ಕೆ ಕಡಿಮೆ, ನೋಟವೂ ಅಷ್ಟೇನಿಲ್ಲ. ಆದರೆ ಹತ್ತಿರದಲ್ಲೇ ಕಾಲುದಾರಿ, ಮಾಂಸ ತೂಗುಹಾಕಲು ನೆರಳಿನ ಮರಗಳು, ಪಕ್ಕದಲ್ಲಿ ತಣ್ಣನೆ ಹಳ್ಳ. ಗಾಡಿ ನಿಲ್ಲಿಸುವ ಜಾಗಕ್ಕೆ ಹೊರೆ ಹೊತ್ತು ಎರಡು ಗಂಟೆ.

ತಾರೀಕನ್ನೂ ಹಾಗೇ ಆರಿಸಿದೆ. ಸೆಪ್ಟೆಂಬರ್ ನಡುವೆ ಮದ್ದು ತುಂಬುವ ಬಂದೂಕಿನವರ ಸೀಸನ್ ಬರುತ್ತದೆ, ಕಾಡಲ್ಲಿ ಜನ ಜಾಸ್ತಿ. ಅದು ಮುಗಿದ ಮೇಲೆ, ತಿಂಗಳ ಕೊನೆಯ ವಾರ ರಜೆ ಹಾಕಿದ್ದೇನೆ. ಅಷ್ಟೊತ್ತಿಗೆ ರಾತ್ರಿ ಚಳಿ ಹೆಚ್ಚಿರುತ್ತದೆ, ಬೆದೆಗೆ ಬಂದ ಗಂಡುಗಳು ಇನ್ನೂ ಕೂಗುತ್ತಿರುತ್ತವೆ. ಒಂದು ಕೊಂಬಿನಲ್ಲಾದರೂ ನಾಲ್ಕು ಕವಲು, ಇಲ್ಲವೇ ಬುಡದಲ್ಲಿ ಐದು ಇಂಚಿನ ಕವಲು ಇಲ್ಲದ ಗಂಡನ್ನು ಆ ಕಡೆ ಹೊಡೆಯುವಂತಿಲ್ಲ, ಅದಕ್ಕೆ ಒಳ್ಳೆ ದುರ್ಬೀನು ಬೇಕು. ಮಾಂಸಕ್ಕೆ ಕೂಲರ್ ಇನ್ನೊಂದು ಬೇಕು. ಪಕ್ಕದ ಮನೆಯ ಹಿರಿಯರು ತಮ್ಮದು ಕೊಡುತ್ತೇನೆ ಅಂದಿದ್ದಾರೆ. ಬದಲಿಗೆ ಬೆನ್ನಿನ ಮಾಂಸದಲ್ಲಿ ಅವರಿಗೊಂದು ಪಾಲು ಅಂತ ಮಾತಾಗಿದೆ.