ಕೆಂಪು ಬೆಳಕು, ಬಿಗಿದ ಭುಜ

ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ದಿನಾ ಸ್ಕೂಟರ್ ಮೇಲೆ ಕೂತು ಕೂತು ಕತ್ತು ನೋವು ಹಿಡಿದಿದೆ. ಡಾಕ್ಟರು ನೋಡಿ, ಮೂಳೆಗೇನೂ ಆಗಿಲ್ಲ, ಸ್ನಾಯು ಬಿಗಿದಿದೆ ಅಷ್ಟೇ ಅಂದರು. ಗೆಳತಿಯೊಬ್ಬಳು ತನ್ನ ಲೇಸರ್ ಅಕ್ಯುಪಂಕ್ಚರ್ ಪೆನ್ನು ಕೊಟ್ಟಳು. ಅಕ್ಯುಪಂಕ್ಚರ್ ಅಂದರೆ ಮೈಮೇಲಿನ ಕೆಲವು ಬಿಂದುಗಳಿಗೆ ಸೂಜಿ ಚುಚ್ಚುವ ಚೀನೀ ಚಿಕಿತ್ಸೆ. ಇದರಲ್ಲಿ ಸೂಜಿ ಇಲ್ಲ. 650 ನ್ಯಾನೋಮೀಟರಿನ ಕೆಂಪು ಬೆಳಕು. ಚುಚ್ಚುವುದಿಲ್ಲ, ಸುಡುವುದಿಲ್ಲ, ಕಣ್ಣಿಗೆ ಮಾತ್ರ ಬೀಳಬಾರದು. ಅಮ್ಮ ನೋಡಿ, "ಬೆಕ್ಕು ಆಡಿಸೋದಾ ಇದು?" ಅಂದರು.

ರಾತ್ರಿ ಊಟ ಆದಮೇಲೆ ಹೆಬ್ಬೆರಳು, ತೋರುಬೆರಳಿನ ನಡುವಿನ ಜಾಗಕ್ಕೆ ಒಂದು ನಿಮಿಷ ಬೆಳಕು ಹಿಡಿಯುತ್ತೇನೆ. ಚೀನಿಯರು ಈ ಬಿಂದುವಿಗೆ ಹೇಗು ಅನ್ನುತ್ತಾರೆ. (ಬಸುರಿಯರು ಇದರ ತಂಟೆಗೆ ಹೋಗಬಾರದಂತೆ.) ಆಮೇಲೆ ಭುಜದ ಮೇಲೆ. ಅಷ್ಟು ಹೊತ್ತು ಫೋನ್ ಮುಟ್ಟುವ ಹಾಗಿಲ್ಲ, ಸುಮ್ನೆ ಕೂರಬೇಕು. ಆಗಲೇ ಗೊತ್ತಾಗಿದ್ದು, ನನ್ನ ಎಡಭುಜ ಯಾವಾಗಲೂ ಕಿವಿಯ ಹತ್ತಿರವೇ ಇರುತ್ತದೆ. ಹಲ್ಲು ಕಚ್ಚಿಕೊಂಡೇ ಇರುತ್ತೇನೆ. ಉಸಿರು ಹೊಟ್ಟೆವರೆಗೂ ಇಳಿಯುವುದೇ ಇಲ್ಲ. ನನ್ನದೇ ಮೈ, ನನಗೇ ಗೊತ್ತಿರಲಿಲ್ಲ ಅಂದರೆ ವಿಚಿತ್ರ ಅಲ್ವಾ?

ನೋವು ಸ್ವಲ್ಪ ಕಮ್ಮಿಯಾಗಿದೆ. ಬೆಳಕಿನಿಂದಲೋ, ಸುಮ್ನೆ ಕೂತಿದ್ದರಿಂದಲೋ? ಸುಮ್ನೆ ಕೂತಿದ್ದರಿಂದಲೇ ಇರಬೇಕು ಅಂತ ನನ್ನ ಅನುಮಾನ. ಇವತ್ತು ಸಿಗ್ನಲ್ಲಿನಲ್ಲಿ ನೆನಪಾಗಿ ಭುಜ ಇಳಿಸಿದೆ. ಹಿಂದಿನ ಆಟೋದವರು ಹಾರ್ನ್ ಹೊಡೆದರು. ಮತ್ತೆ ಮೇಲೇರಿತು.